ಮೂಲನಿವಾಸಿ ವಿದ್ಯಾರ್ಥಿಗಳ ಸೇತುಬಂಧ ಕೋರ್ಸುಗಳು: ಆಸ್ಟ್ರೇಲಿಯಾದ ನಾಲ್ಕು ದಾರಿಗಳ ಹೋಲಿಕೆ

ಆಸ್ಟ್ರೇಲಿಯಾದ ಬಹುತೇಕ ವಿಶ್ವವಿದ್ಯಾಲಯಗಳು ಅಬೊರಿಜಿನಲ್ ಮತ್ತು ಟಾರೆಸ್ ಜಲಸಂಧಿ ದ್ವೀಪಗಳ ವಿದ್ಯಾರ್ಥಿಗಳಿಗೆಂದೇ ಪ್ರತ್ಯೇಕ ಪ್ರವೇಶದ ದಾರಿಗಳನ್ನು ಇಟ್ಟಿವೆ. ಹನ್ನೆರಡನೆಯ ತರಗತಿ ಮುಗಿಸದವರು, ಮುಗಿಸಿದರೂ ಅಲ್ಲಿನ ಪ್ರವೇಶ ರ‍್ಯಾಂಕ್ ಆದ ಅಟಾರ್ ಸಾಕಷ್ಟು ಬಾರದವರು, ಶಾಲೆ ಬಿಟ್ಟು ಹತ್ತಿಪ್ಪತ್ತು ವರ್ಷ ದುಡಿದ ಮೇಲೆ ಓದುವ ಮನಸ್ಸು ಮಾಡಿದವರು, ಇವರೆಲ್ಲರಿಗೂ ಯಾವುದಾದರೊಂದು ದಾರಿ ಒದಗುತ್ತದೆ. ಒಳಗೆ ಹೋಗುವುದು ಈಗ ಹಿಂದಿನಷ್ಟು ಕಷ್ಟವಲ್ಲ. ಆದ್ದರಿಂದ ಯಾವ ವಿಶ್ವವಿದ್ಯಾಲಯ ಸುಲಭವಾಗಿ ಸೇರಿಸಿಕೊಳ್ಳುತ್ತದೆ ಎಂದು ಮಾತ್ರ ಹೋಲಿಸಿದರೆ ಹೆಚ್ಚಿನ ಪ್ರಯೋಜನವಿಲ್ಲ. ಮೊದಲ ಸೆಮಿಸ್ಟರಿನಲ್ಲಿ ಒಂದು ವಿಷಯ ಕೈಕೊಟ್ಟರೆ ಅದು ಯಾವ ದಾಖಲೆಗೆ ಹೋಗುತ್ತದೆ, ಆ ದಾಖಲೆ ಮುಂದಿನ ಪದವಿಯವರೆಗೂ ಬೆನ್ನು ಹತ್ತುತ್ತದೆಯೇ, ಜೀವನಭತ್ಯೆ ನಿಲ್ಲುತ್ತದೆಯೇ, ವಿದ್ಯಾರ್ಥಿ ಎರಡು ವಾರ ತರಗತಿಗೆ ಬಾರದಿದ್ದರೆ ಯಾರು ಫೋನ್ ಮಾಡುತ್ತಾರೆ ಎಂಬ ಪ್ರಶ್ನೆಗಳನ್ನು ಕೇಳಿದಾಗ ಈ ದಾರಿಗಳ ನಡುವಿನ ವ್ಯತ್ಯಾಸ ಬಯಲಾಗುತ್ತದೆ.

ಆಸ್ಟ್ರೇಲಿಯಾದ ಒಳನಾಡಿನ ಊರುಗಳಲ್ಲಿ ಶಿಕ್ಷಕರಾಗಿ, ದಾದಿಯರಾಗಿ, ವೈದ್ಯರಾಗಿ ಕೆಲಸ ಮಾಡುವ ಕನ್ನಡಿಗರಿದ್ದಾರೆ. ಅಂಥವರ ಬಳಿ ಶಾಲೆಯ ಹುಡುಗನೋ ಆಸ್ಪತ್ರೆಯ ಸಹೋದ್ಯೋಗಿಯೋ ಬಂದು ಮುಂದೇನು ಓದಲಿ ಎಂದು ಕೇಳುವುದುಂಟು. ಅವರನ್ನೂ, ಕರ್ನಾಟಕದಲ್ಲಿ ಆದಿವಾಸಿ ಮಕ್ಕಳ ಉನ್ನತ ಶಿಕ್ಷಣದ ಬಗ್ಗೆ ಕೆಲಸ ಮಾಡುತ್ತ ಬೇರೆ ದೇಶದ ವ್ಯವಸ್ಥೆಯನ್ನು ತಿಳಿಯಲು ಬಯಸುವವರನ್ನೂ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಮೊದಲಿಗೇ ಎರಡು ಮಾತು ಸ್ಪಷ್ಟವಾಗಿರಲಿ. ಇದು ನಮ್ಮಲ್ಲಿರುವಂಥ ಸೀಟು ಮೀಸಲಾತಿಯಲ್ಲ. ಪ್ರವೇಶದ ಅರ್ಹತೆ ಪಡೆದ ಮೂಲನಿವಾಸಿ ವಿದ್ಯಾರ್ಥಿಗೆ ಸರ್ಕಾರ ಖರ್ಚಿನ ಪಾಲು ಭರಿಸುವ ಸೀಟು ಸಿಕ್ಕೇ ಸಿಗುತ್ತದೆ ಎಂಬುದು ಅಲ್ಲಿನ ಏರ್ಪಾಡು. 2021ರಲ್ಲಿ ಗ್ರಾಮೀಣ ಮತ್ತು ದೂರದ ಪ್ರದೇಶಗಳ ಮೂಲನಿವಾಸಿಗಳಿಗೆ ಮಾತ್ರ ಇದ್ದ ಈ ಭರವಸೆ 2024ರಿಂದ ನಗರವಾಸಿಗಳಿಗೂ ವಿಸ್ತರಿಸಿದೆ. 2024ರಲ್ಲಿ ವೈದ್ಯಕೀಯ ಶಿಕ್ಷಣ ಮಾತ್ರ ಇದರ ಹೊರಗಿತ್ತು. ಎರಡನೆಯದಾಗಿ, ಈ ಸೌಲಭ್ಯಗಳು ಆ ನೆಲದ ಮೂಲನಿವಾಸಿಗಳಿಗೆ ಮೀಸಲು. ಭಾರತದ ಪರಿಶಿಷ್ಟ ಪಂಗಡದ ಪ್ರಮಾಣಪತ್ರಕ್ಕೆ ಅಲ್ಲಿ ಯಾವ ಬೆಲೆಯೂ ಇಲ್ಲ.

ಶೈಕ್ಷಣಿಕ ಸ್ಥಿತಿ ಎಂದರೆ ಏನು

ಕರ್ನಾಟಕದಲ್ಲಿ ಓದಿದವರಿಗೆ ಬ್ಯಾಕ್‌ಲಾಗ್, ಪೂರಕ ಪರೀಕ್ಷೆ, ಇಯರ್ ಬ್ಯಾಕ್ ಎಂಬ ಲೆಕ್ಕಾಚಾರ ಬಾಯಿಪಾಠವಾಗಿರುತ್ತದೆ. ಒಂದು ವಿಷಯ ಉಳಿದರೆ ಮುಂದೆ ಬರೆದು ಪಾಸು ಮಾಡಿಕೊಳ್ಳಬಹುದು ಎಂಬ ಧೈರ್ಯ ನಮಗಿರುತ್ತದೆ. ಆಸ್ಟ್ರೇಲಿಯಾದ ಪದ್ಧತಿ ಬೇರೆ. ಅಲ್ಲಿ ಪರೀಕ್ಷೆಯನ್ನಷ್ಟೇ ಮತ್ತೆ ಬರೆದು ಮುಗಿಸುವ ಅವಕಾಶ ಕಡಿಮೆ. ಸಾಮಾನ್ಯವಾಗಿ ಇಡೀ ವಿಷಯವನ್ನು ಮತ್ತೊಮ್ಮೆ ಓದಬೇಕು, ಮತ್ತೊಮ್ಮೆ ಶುಲ್ಕದ ಸಾಲ (ವಿದ್ಯಾರ್ಥಿಯ ಪಾಲಿನ ಶುಲ್ಕಕ್ಕೆ ಸರ್ಕಾರ ಕೊಡುವ ಸಾಲ) ಹೊರಬೇಕು, ಮತ್ತು ಬಹಳಷ್ಟು ಕಡೆ ಮೊದಲ ಸಲದ ಫೇಲು ಅಂಕಪಟ್ಟಿಯಲ್ಲಿ ಹಾಗೆಯೇ ಉಳಿಯುತ್ತದೆ. ಕಲಾ ವಿಭಾಗದ ಬಹುತೇಕ ವಿಷಯಗಳಿಗೆ ವಿದ್ಯಾರ್ಥಿಯ ಪಾಲಿನ ಶುಲ್ಕ ಈಗ ಒಂದೊಂದಕ್ಕೆ 2,000 ಡಾಲರ್‌ಗೂ ಹೆಚ್ಚು. ಒಂದು ಫೇಲು ಎಂದರೆ ಅಷ್ಟು ಸಾಲ ವ್ಯರ್ಥವಾದಂತೆ.

ಪ್ರತಿ ಸೆಮಿಸ್ಟರಿನ ಅಥವಾ ವರ್ಷದ ಕೊನೆಗೆ ವಿಶ್ವವಿದ್ಯಾಲಯ ವಿದ್ಯಾರ್ಥಿಯ ಪ್ರಗತಿಯನ್ನು ತೂಗಿ ಒಂದು ಸ್ಥಿತಿಯನ್ನು ದಾಖಲಿಸುತ್ತದೆ. ಹೆಸರುಗಳು ಒಂದೊಂದು ಕಡೆ ಒಂದೊಂದು ರೀತಿಯಿದ್ದರೂ ಮೆಟ್ಟಿಲುಗಳು ಹೆಚ್ಚುಕಡಿಮೆ ಒಂದೇ: ಮೊದಲು ಉತ್ತಮ ಸ್ಥಿತಿ, ಆಮೇಲೆ ಎಚ್ಚರಿಕೆ, ನಂತರ ಕಡಿಮೆ ವಿಷಯಗಳನ್ನು ಮಾತ್ರ ತೆಗೆದುಕೊಳ್ಳಬಹುದೆಂಬ ಷರತ್ತಿನ ಪ್ರೊಬೇಷನ್, ಅದರಾಚೆಗೆ ನಿಮ್ಮನ್ನು ಏಕೆ ಮುಂದುವರಿಸಬೇಕು ಎಂದು ಕೇಳುವ ಕಾರಣ ಕೇಳಿ ನೋಟಿಸ್, ಕೊನೆಗೆ ಒಂದು ವರ್ಷವೋ ಹೆಚ್ಚೋ ಹೊರಗಿಡುವುದು. ಈ ನೋಟಿಸುಗಳು ಬರುವುದು ವಿಶ್ವವಿದ್ಯಾಲಯ ಕೊಟ್ಟ ಇಮೇಲ್ ವಿಳಾಸಕ್ಕೆ. ಓದು ಹಿಂದೆ ಬಿದ್ದ ವಿದ್ಯಾರ್ಥಿ ಮೊದಲು ತೆರೆಯುವುದನ್ನು ನಿಲ್ಲಿಸುವುದೂ ಅದೇ ಇಮೇಲನ್ನು.

ಒಂದು ಸಣ್ಣ ಲೆಕ್ಕದಲ್ಲಿ ಇದನ್ನು ನೋಡೋಣ. ನ್ಯೂಕಾಸಲ್ ವಿಶ್ವವಿದ್ಯಾಲಯದಲ್ಲಿ 7 ಅಂಕಗಳ ಜಿಪಿಎ ಪದ್ಧತಿಯಿದೆ; 65ರಿಂದ 74 ಅಂಕ ಪಡೆದ ಕ್ರೆಡಿಟ್ ದರ್ಜೆಗೆ 5, ಫೇಲಿಗೆ 0. ಪೂರ್ಣಾವಧಿ ವಿದ್ಯಾರ್ಥಿನಿಯೊಬ್ಬಳು ಸೆಮಿಸ್ಟರಿಗೆ ನಾಲ್ಕು ವಿಷಯ ತೆಗೆದುಕೊಂಡು ಮೂರರಲ್ಲಿ ಕ್ರೆಡಿಟ್ ಪಡೆದಳೆಂದೂ, ಮನೆಯಲ್ಲಿ ಸಾವಾಗಿ ಊರಿಗೆ ಹೋದದ್ದರಿಂದ ನಾಲ್ಕನೆಯದರಲ್ಲಿ ಫೇಲಾದಳೆಂದೂ ಇಟ್ಟುಕೊಳ್ಳಿ. ಅವಳ ಜಿಪಿಎ 3.75. ಅದೇ ವಿಷಯವನ್ನು ಸೆನ್ಸಸ್ ದಿನಾಂಕ ಎಂದು ಕರೆಯುವ ಗಡುವಿಗೆ ಮೊದಲು ಕೈಬಿಟ್ಟಿದ್ದರೆ ಅಂಕಪಟ್ಟಿಯಲ್ಲಿ ಫೇಲು ಇರುತ್ತಿರಲಿಲ್ಲ, ಸಾಲವೂ ಇರುತ್ತಿರಲಿಲ್ಲ, ಜಿಪಿಎ 5 ಇರುತ್ತಿತ್ತು. ಓದಿದ್ದು ಅಷ್ಟೇ, ಬುದ್ಧಿ ಅಷ್ಟೇ. ಒಂದು ಫಾರ್ಮು ತುಂಬಿದ್ದು ಬಿಟ್ಟದ್ದರ ಮೇಲೆ ಒಂದೂಕಾಲು ಅಂಕದ ಅಂತರ. ಸೆನ್ಸಸ್ ದಿನಾಂಕವು ಆ ಅವಧಿಯ ಕನಿಷ್ಠ ಐದನೇ ಒಂದು ಭಾಗ ಕಳೆದ ಮೇಲೆ ಬರಬೇಕೆಂಬ ನಿಯಮವಿದ್ದು, ಎರಡು ಸೆಮಿಸ್ಟರುಗಳಿರುವ ಕಡೆ ಅದು ಸಾಮಾನ್ಯವಾಗಿ ಮಾರ್ಚ್ ಮತ್ತು ಆಗಸ್ಟ್ ತಿಂಗಳ ಕೊನೆಯ ಆಸುಪಾಸಿನಲ್ಲಿ ಬೀಳುತ್ತದೆ.

ಇಲ್ಲಿ ಇನ್ನೊಂದು ಎಳೆಯೂ ಸೇರಿಕೊಂಡಿದೆ. 1969ರಲ್ಲಿ ಆರಂಭವಾದ ಆಬ್‌ಸ್ಟಡಿ ಎಂಬ ಸರ್ಕಾರಿ ಯೋಜನೆ ಮೂಲನಿವಾಸಿ ವಿದ್ಯಾರ್ಥಿಗಳಿಗೆ ಜೀವನಭತ್ಯೆ ಕೊಡುತ್ತದೆ. ಪೂರ್ಣಾವಧಿ ವಿದ್ಯಾರ್ಥಿಯ ಭತ್ಯೆ ಬರಬೇಕಾದರೆ ಸಾಮಾನ್ಯವಾಗಿ ಪೂರ್ಣ ಹೊರೆಯ ಶೇ. 75ರಷ್ಟಾದರೂ ಓದುತ್ತಿರಬೇಕು. ನಾಲ್ಕರಲ್ಲಿ ಒಂದನ್ನು ಕೈಬಿಟ್ಟರೆ ಭತ್ಯೆ ಉಳಿಯುತ್ತದೆ, ಎರಡನ್ನು ಕೈಬಿಟ್ಟರೆ ಅದು ಸಾಮಾನ್ಯವಾಗಿ ಕೈತಪ್ಪುತ್ತದೆ. ಮೊದಲ ಪೀಳಿಗೆಯ ವಿದ್ಯಾರ್ಥಿಗೆ ಇದನ್ನು ಸೆನ್ಸಸ್ ದಿನಾಂಕಕ್ಕೆ ಒಂದು ವಾರ ಮೊದಲು ಕೂರಿಸಿ ಹೇಳುವವರು ಯಾರಾದರೂ ಇದ್ದಾರೆಯೇ ಎಂಬುದು, ನನ್ನ ಮಟ್ಟಿಗೆ, ಒಂದು ಕೋರ್ಸಿನ ಬೆಂಬಲ ವ್ಯವಸ್ಥೆಯನ್ನು ಅಳೆಯುವ ಅತ್ಯುತ್ತಮ ಪ್ರಶ್ನೆ.

ದೇಶಮಟ್ಟದ ನಿಯಮವೂ ಈ ವಿಷಯದಲ್ಲಿ ಒಮ್ಮೆ ಗಟ್ಟಿಯಾಗಿ, ಮತ್ತೆ ಸಡಿಲವಾಗಿದೆ. 2022ರಿಂದ ಸೇರಿದ ವಿದ್ಯಾರ್ಥಿಗಳು ಎಂಟು ವಿಷಯಗಳನ್ನು ತೆಗೆದುಕೊಂಡ ಮೇಲೆ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಫೇಲಾಗಿದ್ದರೆ ಆ ಪದವಿಗೆ ಸರ್ಕಾರದ ಪಾಲಿನ ಸೀಟನ್ನೂ ಶುಲ್ಕದ ಸಾಲವನ್ನೂ ಕಳೆದುಕೊಳ್ಳುತ್ತಿದ್ದರು. ಉನ್ನತ ಶಿಕ್ಷಣದ ಸಮಗ್ರ ಪರಿಶೀಲನೆಗೆ ನೇಮಿಸಿದ್ದ ಸಮಿತಿ 2023ರ ಜುಲೈನ ಮಧ್ಯಂತರ ವರದಿಯಲ್ಲಿ ಈ ನಿಯಮದ ಪೆಟ್ಟು ಮೂಲನಿವಾಸಿಗಳು ಮತ್ತು ಬಡ ಕುಟುಂಬಗಳ ವಿದ್ಯಾರ್ಥಿಗಳ ಮೇಲೆ ಹೆಚ್ಚು ಬೀಳುತ್ತಿದೆ ಎಂದು ಹೇಳಿತು. 2024ರ ಜನವರಿ 1ರಿಂದ ನಿಯಮ ರದ್ದಾಯಿತು. ಅದರ ಬದಲಿಗೆ, ಹಿಂದೆ ಬೀಳುತ್ತಿರುವ ವಿದ್ಯಾರ್ಥಿಗಳನ್ನು ಹೇಗೆ ಗುರುತಿಸಿ ಯಾವ ನೆರವು ಕೊಡಲಾಗುತ್ತದೆ ಎಂಬ ಲಿಖಿತ ನೀತಿಯನ್ನು ಪ್ರತಿ ವಿಶ್ವವಿದ್ಯಾಲಯವೂ ಪ್ರಕಟಿಸಬೇಕೆಂದು ಕಡ್ಡಾಯವಾಗಿದೆ. ಎರಡು ಕೋರ್ಸುಗಳ ನಡುವೆ ಆಯ್ಕೆ ಮಾಡುವಾಗ ಬಣ್ಣದ ಕೈಪಿಡಿಗಿಂತ ಮೊದಲು ಓದಬೇಕಾದದ್ದು ಈ ನೀತಿಯನ್ನು. ನೆರವು ಒದಗಿಸಲಾಗುತ್ತದೆ ಎಂಬ ಮಾತಿಗೂ, ಇಂಥ ವಾರದಲ್ಲಿ ಇಂಥ ಹುದ್ದೆಯವರು ಸಂಪರ್ಕಿಸುತ್ತಾರೆ ಎಂಬ ಮಾತಿಗೂ ಇರುವ ದೂರ ಅದರಲ್ಲಿ ಎದ್ದು ಕಾಣುತ್ತದೆ. ಹಳೆಯ ನಿಯಮ ಹೋಯಿತೆಂದು ವಿಶ್ವವಿದ್ಯಾಲಯದ ಒಳಗಿನ ಪ್ರೊಬೇಷನ್ ಮತ್ತು ಹೊರಗಿಡುವ ನಿಯಮಗಳೂ ಹೋದವೆಂದು ತಿಳಿಯಬಾರದು. ಅವು ಹಾಗೆಯೇ ಇವೆ.

ಮೊದಲ ದಾರಿ: ಪ್ರತ್ಯೇಕ ಎನೇಬ್ಲಿಂಗ್ ಕೋರ್ಸ್

ಪದವಿಗೆ ಸೇರುವ ಮುನ್ನ ಆರು ತಿಂಗಳಿನಿಂದ ಒಂದು ವರ್ಷ ಓದುವ ಸಿದ್ಧತಾ ಕೋರ್ಸ್ ಇದು. ನ್ಯೂಕಾಸಲ್ ವಿಶ್ವವಿದ್ಯಾಲಯದ ಯಾಪುಗ್ ಇದಕ್ಕೆ ಒಳ್ಳೆಯ ಉದಾಹರಣೆ. ಅದು ಮೂಲನಿವಾಸಿಗಳಿಗೆಂದೇ ಇರುವ, ಶುಲ್ಕವಿಲ್ಲದ ಕೋರ್ಸ್; 1983ರಿಂದ ಅಲ್ಲಿರುವ ವೊಲ್ಲೊಟುಕ ಸಂಸ್ಥೆಯ ಸಿಬ್ಬಂದಿಯ ಬೆಂಬಲ ಅದಕ್ಕಿದೆ. ಅದೇ ವಿಶ್ವವಿದ್ಯಾಲಯ 1974ರಿಂದ ಎಲ್ಲ ವಯಸ್ಕರಿಗೂ ತೆರೆದಿರುವ ಓಪನ್ ಫೌಂಡೇಷನ್ ಎಂಬ ಕೋರ್ಸನ್ನೂ ನಡೆಸುತ್ತಿದೆ. ಅಲ್ಲಿನ ಮೂಲನಿವಾಸಿ ವಿದ್ಯಾರ್ಥಿ ಇವೆರಡರಲ್ಲಿ ಯಾವುದನ್ನಾದರೂ ಆರಿಸಿಕೊಳ್ಳಬಹುದು.

ಶೈಕ್ಷಣಿಕ ಸ್ಥಿತಿಯ ದೃಷ್ಟಿಯಿಂದ ಈ ದಾರಿಯ ದೊಡ್ಡ ಗುಣವೆಂದರೆ ಇಲ್ಲಿನ ಎಡವು ಪದವಿಯ ದಾಖಲೆಗೆ ಅಂಟುವುದಿಲ್ಲ. ಎನೇಬ್ಲಿಂಗ್ ಕೋರ್ಸಿನ ಫಲಿತಾಂಶ ಪ್ರವೇಶಕ್ಕೆ ಬೇಕಾದ ರ‍್ಯಾಂಕನ್ನು ಕೊಟ್ಟು ಅಲ್ಲಿಗೆ ನಿಲ್ಲುತ್ತದೆ; ಪದವಿಯ ಜಿಪಿಎ ಹೊಸ ಹಾಳೆಯಿಂದ ಶುರುವಾಗುತ್ತದೆ. ಶುಲ್ಕವಿಲ್ಲದ್ದರಿಂದ ಫೇಲಾದರೂ ಸಾಲ ಏರುವುದಿಲ್ಲ. ಪ್ರಬಂಧ ಬರೆಯುವುದನ್ನೂ ಗಣಿತದ ಬುನಾದಿಯನ್ನೂ ಕಲಿಯಬೇಕಾದ ವಿದ್ಯಾರ್ಥಿಗೆ ತಪ್ಪು ಮಾಡಲು ಇಷ್ಟು ಅಗ್ಗದ ಜಾಗ ಬೇರೆಲ್ಲೂ ಸಿಗುವುದಿಲ್ಲ.

ಇದರ ಕೊರತೆಗಳನ್ನೂ ಹೇಳಬೇಕು. ಎನೇಬ್ಲಿಂಗ್ ಕೋರ್ಸು ಆಸ್ಟ್ರೇಲಿಯಾದ ರಾಷ್ಟ್ರೀಯ ಅರ್ಹತಾ ಚೌಕಟ್ಟಿನಲ್ಲಿ ಬರುವ ಪದವಿಯೋ ಡಿಪ್ಲೊಮಾವೋ ಅಲ್ಲ. ನಡೆಸಿದ ವಿಶ್ವವಿದ್ಯಾಲಯ ಅದನ್ನು ಪೂರ್ಣವಾಗಿ ಮನ್ನಿಸುತ್ತದೆ. ಬೇರೆ ವಿಶ್ವವಿದ್ಯಾಲಯ ಮನ್ನಿಸುತ್ತದೆಯೇ, ಎಷ್ಟು ರ‍್ಯಾಂಕಿಗೆ ಸಮನೆಂದು ಲೆಕ್ಕ ಹಾಕುತ್ತದೆ ಎಂಬುದನ್ನು ಮೊದಲೇ ಕೇಳಿ ತಿಳಿಯಬೇಕು. ಮಧ್ಯದಲ್ಲಿ ಬಿಟ್ಟವರ ಕೈಯಲ್ಲಿ ಯಾವ ಪ್ರಮಾಣಪತ್ರವೂ ಉಳಿಯುವುದಿಲ್ಲ, ಮತ್ತು ಈ ಬಗೆಯ ಕೋರ್ಸುಗಳನ್ನು ಮಧ್ಯದಲ್ಲಿ ಬಿಡುವವರು ಕಡಿಮೆಯೇನಲ್ಲ. ಶುಲ್ಕವಿಲ್ಲದ ಕೋರ್ಸನ್ನು ಬಿಡುವುದು ಸುಲಭ ಎಂಬ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ಆದರೆ ಪದವಿಯ ಮೊದಲ ವರ್ಷದಲ್ಲಿ ಸಾಲದೊಡನೆ ಬಿಡುವುದಕ್ಕಿಂತ ಇಲ್ಲಿ ಬಿಡುವುದು ಎಷ್ಟೋ ಮೇಲು ಎಂದೇ ನಾನು ಹೇಳುತ್ತೇನೆ. ವೈದ್ಯಕೀಯ ಓದಬೇಕೆನ್ನುವವರು ಇನ್ನೊಂದು ಅಂಶವನ್ನು ಗಮನಿಸಬೇಕು. ಎನೇಬ್ಲಿಂಗ್ ಕೋರ್ಸೊಂದೇ ಅವರಿಗೆ ಸಾಲದು. ನ್ಯೂಕಾಸಲ್‌ನಲ್ಲಿ ವೈದ್ಯಕೀಯ ಪ್ರವೇಶಕ್ಕೆಂದೇ ಮಿರೋಮ ಬನ್‌ಬಿಲ್ಲ ಎಂಬ ಪ್ರತ್ಯೇಕ ಪೂರ್ವಸಿದ್ಧತಾ ಕಾರ್ಯಕ್ರಮವಿದ್ದು, ಅದರ ವೇಳಾಪಟ್ಟಿಯನ್ನು ಬೇರೆಯಾಗಿಯೇ ನೋಡಿಕೊಳ್ಳಬೇಕು.

ಎರಡನೆಯ ದಾರಿ: ವಿಸ್ತರಿತ ಪದವಿ

ಮೆಲ್ಬರ್ನ್ ವಿಶ್ವವಿದ್ಯಾಲಯದಲ್ಲಿ ಸಾಮಾನ್ಯ ಬಿ.ಎ. ಮತ್ತು ಬಿ.ಎಸ್ಸಿ. ಪದವಿಗಳು ಮೂರು ವರ್ಷದವು. ಮೂಲನಿವಾಸಿ ವಿದ್ಯಾರ್ಥಿಗಳಿಗೆಂದು ಇರುವ ವಿಸ್ತರಿತ ಬಿ.ಎ. ಮತ್ತು ವಿಸ್ತರಿತ ಬಿ.ಎಸ್ಸಿ. ನಾಲ್ಕು ವರ್ಷದವು. ಇಲ್ಲಿ ಸಿದ್ಧತೆಯನ್ನು ಪದವಿಯ ಹೊರಗೆ ಇಡದೆ ಒಳಗೇ ಹೆಣೆಯಲಾಗಿದೆ: ಆರಂಭದಲ್ಲಿ ಬುನಾದಿ ವಿಷಯಗಳನ್ನು ಟ್ರಿನಿಟಿ ಕಾಲೇಜಿನ ನೆರವಿನಿಂದ ಓದುತ್ತ, ಜೊತೆಯಲ್ಲೇ ಪದವಿಯ ಕೆಲವು ವಿಷಯಗಳನ್ನೂ ತೆಗೆದುಕೊಳ್ಳುತ್ತಾರೆ. ಮುರುಪ್ ಬರಾಕ್ ಎಂಬ ಮೂಲನಿವಾಸಿ ಕೇಂದ್ರ ಅವರ ಬೆನ್ನಿಗಿರುತ್ತದೆ.

ಇದರಲ್ಲಿ ವಿದ್ಯಾರ್ಥಿ ಮೊದಲ ದಿನದಿಂದಲೇ ಪದವಿಯ ವಿದ್ಯಾರ್ಥಿ. ಸಿದ್ಧತೆ ಮುಗಿಸಿ ಮತ್ತೊಂದು ಅರ್ಜಿ ಹಾಕಿ ಮತ್ತೊಂದು ಉತ್ತರಕ್ಕೆ ಕಾಯುವ ಕೆಲಸವಿಲ್ಲ. ಎನೇಬ್ಲಿಂಗ್ ಮುಗಿಸಿದವರಲ್ಲೂ ಒಂದಷ್ಟು ಮಂದಿ ಆ ಕಾಯುವ ಬೇಸಿಗೆಯಲ್ಲೇ ಕೆಲಸ ಹಿಡಿದು ದೂರವಾಗುತ್ತಾರೆ ಎಂಬುದನ್ನು ಬಲ್ಲವರಿಗೆ ಈ ಅನುಕೂಲದ ಬೆಲೆ ಅರ್ಥವಾಗುತ್ತದೆ. ಆದರೆ ಇದಕ್ಕೆ ಎದುರಾಗಿ ನಿಲ್ಲುವ ಅಂಶವೂ ಅಷ್ಟೇ ತೂಕದ್ದು. ಪದವಿಯ ವಿಷಯಗಳ ಅಂಕ ಮೊದಲ ವರ್ಷದಿಂದಲೇ ಖಾಯಂ ದಾಖಲೆಗೆ ಸೇರುತ್ತದೆ. ಮುಂದೆ ಕಾನೂನಿಗೋ ಸ್ನಾತಕೋತ್ತರಕ್ಕೋ ಅರ್ಜಿ ಹಾಕುವಾಗ, ಇನ್ನೂ ದಾರಿ ಹುಡುಕುತ್ತಿದ್ದ ಆ ಮೊದಲ ಸೆಮಿಸ್ಟರಿನ ಅಂಕವೂ ಸರಾಸರಿಯಲ್ಲಿ ಕೂತಿರುತ್ತದೆ. ಆದ್ದರಿಂದ ಈ ದಾರಿ ಹಿಡಿಯುವವರು ಕೇಳಲೇಬೇಕಾದ ಪ್ರಶ್ನೆಗಳೆಂದರೆ, ಬುನಾದಿ ವಿಷಯಗಳ ಅಂಕ ಸರಾಸರಿಗೆ ಸೇರುತ್ತದೆಯೇ, ಆ ವಿಷಯಗಳಿಗೆ ಶುಲ್ಕದ ಸಾಲ ಬೀಳುತ್ತದೆಯೇ, ಮತ್ತು ಒಂದು ಬುನಾದಿ ವಿಷಯದಲ್ಲಿ ಫೇಲಾದರೆ ಇಡೀ ಕೋರ್ಸಿನ ಪ್ರಗತಿಯ ಮೇಲೆ ಅದರ ಪರಿಣಾಮವೇನು ಎಂಬುವು. ಉತ್ತರವನ್ನು ಬಾಯಿಮಾತಿನಲ್ಲಿ ಅಲ್ಲದೆ ಇಮೇಲಿನಲ್ಲಿ ಪಡೆಯುವುದು ಒಳ್ಳೆಯದು.

ಮೂರನೆಯ ದಾರಿ: ಕೆಲವು ವಾರಗಳ ಸಿದ್ಧತೆ, ನೇರ ಪದವಿ

ಸಿಡ್ನಿ ವಿಶ್ವವಿದ್ಯಾಲಯದ ಗಡಿಗಲ್ ಕಾರ್ಯಕ್ರಮದಲ್ಲಿ ಮೂಲನಿವಾಸಿ ಅಭ್ಯರ್ಥಿಗಳಿಗೆ ಅಟಾರ್‌ನಲ್ಲಿ ರಿಯಾಯಿತಿಯಿದ್ದು, ಪದವಿ ಆರಂಭಕ್ಕೆ ಮುನ್ನ ಸಿದ್ಧತಾ ತರಬೇತಿಯೂ ಆಮೇಲೆ ಬೆಂಬಲವೂ ಇರುತ್ತದೆ. ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದಲ್ಲಿ ನುರ ಗಿಲಿ ಕೇಂದ್ರದ ಮೂಲಕ ಕಾನೂನು, ವೈದ್ಯಕೀಯ ಮೊದಲಾದ ಪದವಿಗಳಿಗೆ ಕೆಲವು ವಾರಗಳ ವಸತಿಸಹಿತ ಪೂರ್ವ ಕಾರ್ಯಕ್ರಮಗಳು ನಡೆದುಬಂದಿವೆ. ಅಭ್ಯರ್ಥಿಯ ಅಂಕವನ್ನಷ್ಟೇ ನೋಡದೆ ಅಲ್ಲಿ ಅವರು ಕಲಿಯುವ ರೀತಿಯನ್ನೂ ಪರಿಗಣಿಸಿ ಪ್ರವೇಶ ಕೊಡುವ ಕ್ರಮ ಅದು. ಇದು ಅತಿ ವೇಗದ ದಾರಿ, ಹಾಗೆಯೇ ಬಿದ್ದರೆ ಅತಿ ಹೆಚ್ಚು ಪೆಟ್ಟಾಗುವ ದಾರಿ. ಮೊದಲ ಸೆಮಿಸ್ಟರಿನಲ್ಲೇ ಪೂರ್ಣ ಹೊರೆ, ಪೂರ್ಣ ಸಾಲ, ಪೂರ್ಣ ದಾಖಲೆ. ಹನ್ನೆರಡನೆಯ ತರಗತಿಯನ್ನು ಇತ್ತೀಚೆಗೆ ಮುಗಿಸಿ, ಅಗತ್ಯ ರ‍್ಯಾಂಕಿಗೆ ಸ್ವಲ್ಪವೇ ಕಡಿಮೆ ಬಂದವರಿಗೆ ಇದು ಹೊಂದುತ್ತದೆ. ಶಾಲೆ ಬಿಟ್ಟು ಬಹಳ ಕಾಲವಾದವರನ್ನು, ಅವರು ಎಷ್ಟೇ ಚುರುಕಾಗಿರಲಿ, ಈ ದಾರಿಗೆ ತಳ್ಳುವುದು ಸರಿಯಲ್ಲ. ರ‍್ಯಾಂಕಿನ ರಿಯಾಯಿತಿ ಪ್ರಬಂಧ ಬರೆಯುವ ಅಭ್ಯಾಸವನ್ನು ತಂದುಕೊಡುವುದಿಲ್ಲ.

ನಾಲ್ಕನೆಯ ದಾರಿ: ಊರಿನಲ್ಲಿದ್ದು ಓದುವುದು

ಗೀಲಾಂಗ್ ಬಳಿಯ ವಾರ್ನ್ ಪಾಂಡ್ಸ್‌ನಲ್ಲಿ ಡೀಕಿನ್ ವಿಶ್ವವಿದ್ಯಾಲಯದ ನಿಕೇರಿ ಸಂಸ್ಥೆಯಿದೆ. ಹಿಂದೆ ಕೂರಿ ಶಿಕ್ಷಣ ಸಂಸ್ಥೆ ಎಂದು ಹೆಸರಿದ್ದ ಇದು ಸಮುದಾಯ ಆಧಾರಿತ ಬೋಧನೆಗೆ ಹೆಸರಾಗಿದೆ. ವಿದ್ಯಾರ್ಥಿಗಳು ತಮ್ಮ ಊರಿನಲ್ಲೇ, ತಮ್ಮ ಕೆಲಸ ಮತ್ತು ಮನೆಯ ಜವಾಬ್ದಾರಿಗಳ ನಡುವೆ ಓದುತ್ತ, ವರ್ಷದಲ್ಲಿ ಕೆಲವು ಬಾರಿ ಮಾತ್ರ ಕ್ಯಾಂಪಸ್ಸಿಗೆ ಬಂದು ತೀವ್ರ ತರಗತಿಗಳಲ್ಲಿ ಕೂರುತ್ತಾರೆ. ಮನೆಯಿಂದ ದೂರ ಬಂದು ಹೀಗೆ ಓದುವವರ ಪ್ರಯಾಣ, ವಸತಿ, ಊಟದ ಖರ್ಚಿಗೆ ಸರ್ಕಾರದ ಪ್ರತ್ಯೇಕ ಅನುದಾನವಿದೆ.

ಈ ದಾರಿಯ ನಿಜವಾದ ಬಲ ಹಣದಲ್ಲಿಲ್ಲ, ಜೊತೆಗಿರುವವರಲ್ಲಿದೆ. ತೀವ್ರ ತರಗತಿಗೆ ಬಂದವರೆಲ್ಲರೂ ಮೂಲನಿವಾಸಿಗಳೇ ಆಗಿದ್ದು, ನಲವತ್ತರ ಆಸುಪಾಸಿನ ತಾಯಂದಿರೂ ಇಪ್ಪತ್ತರ ಹುಡುಗರೂ ಒಟ್ಟಿಗೆ ಕೂತು ಓದುವಾಗ, ದೊಡ್ಡ ಉಪನ್ಯಾಸ ಕೊಠಡಿಯಲ್ಲಿ ಒಬ್ಬಳೇ ಕೂತವಳಿಗಿರುವ ಹಿಂಜರಿಕೆ ಇರುವುದಿಲ್ಲ. ದುರ್ಬಲತೆ ಇರುವುದು ತೀವ್ರ ತರಗತಿಗಳ ನಡುವಿನ ತಿಂಗಳುಗಳಲ್ಲಿ. ಮನೆಯಲ್ಲಿ ಇಂಟರ್ನೆಟ್ ಸರಿಯಿಲ್ಲದೆ, ಕೆಲಸದ ಪಾಳಿ ಬದಲಾಗಿ, ಅಸೈನ್‌ಮೆಂಟಿನ ಗಡುವು ಕಳೆದುಹೋದದ್ದು ಮುಂದಿನ ಬಾರಿ ಬಂದಾಗಲಷ್ಟೇ ಗೊತ್ತಾಗುವ ಸಾಧ್ಯತೆಯಿದೆ. ಒಂದು ತೀವ್ರ ವಾರ ತಪ್ಪಿದರೆ ಆ ವಿಷಯದ ಪಾಠದ ದೊಡ್ಡ ಭಾಗವೇ ತಪ್ಪಿದಂತೆ. ಹೀಗಾಗಿ ತಪ್ಪಿದ ವಾರಕ್ಕೆ ಬದಲಿ ವ್ಯವಸ್ಥೆ ಏನಿದೆ, ಸೆನ್ಸಸ್ ದಿನಾಂಕವು ಮೊದಲ ತೀವ್ರ ತರಗತಿಗೆ ಮುಂಚೆ ಬರುತ್ತದೆಯೋ ಆಮೇಲೆ ಬರುತ್ತದೆಯೋ ಎಂಬುದನ್ನು ವೇಳಾಪಟ್ಟಿ ಮುಂದಿಟ್ಟುಕೊಂಡು ಪರಿಶೀಲಿಸಬೇಕು. ಪಾಠದ ರುಚಿ ನೋಡುವ ಮೊದಲೇ ಗಡುವು ಮುಗಿಯುವಂತಿದ್ದರೆ ಕೈಬಿಡುವ ಹಕ್ಕು ಹೆಸರಿಗಷ್ಟೇ.

ಬೆಂಬಲವನ್ನು ಹೋಲಿಸುವುದು ಹೇಗೆ

ಅಬೊರಿಜಿನಲ್ ಹಕ್ಕುಗಳ ಹೋರಾಟಗಾರ ಚಾರ್ಲ್ಸ್ ಪರ್ಕಿನ್ಸ್ 1966ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದಿಂದ ಪದವಿ ಪಡೆದಾಗ ಈಗಿನ ಯಾವ ಕೇಂದ್ರವೂ ಇರಲಿಲ್ಲ. ಇಂದು ಮೂಲನಿವಾಸಿ ಕೇಂದ್ರವಿಲ್ಲದ ವಿಶ್ವವಿದ್ಯಾಲಯವನ್ನು ಹುಡುಕಬೇಕು. 2017ರ ಜನವರಿಯಿಂದ ಟ್ಯೂಷನ್, ವಿದ್ಯಾರ್ಥಿವೇತನ ಮತ್ತು ಬೆಂಬಲಕ್ಕಿದ್ದ ಹಳೆಯ ಮೂರು ಅನುದಾನಗಳನ್ನು ಒಂದುಗೂಡಿಸಿ ಮೂಲನಿವಾಸಿ ವಿದ್ಯಾರ್ಥಿ ಯಶಸ್ಸು ಕಾರ್ಯಕ್ರಮ ಎಂಬ ಒಂದೇ ಅನುದಾನವನ್ನು ಮಾಡಲಾಗಿದೆ. ವಿಶ್ವವಿದ್ಯಾಲಯಕ್ಕೆ ಬರುವ ಮೊತ್ತ ಎಷ್ಟು ಮಂದಿ ಸೇರಿದರು ಎಂಬುದರ ಮೇಲಷ್ಟೇ ಅಲ್ಲ, ಎಷ್ಟು ವಿಷಯಗಳಲ್ಲಿ ಪಾಸಾದರು, ಎಷ್ಟು ಮಂದಿ ಪದವಿ ಮುಗಿಸಿದರು ಎಂಬುದರ ಮೇಲೂ ನಿಂತಿದೆ. ಖರ್ಚಿನ ಮೇಲೆ ಮೂಲನಿವಾಸಿಗಳ ಮೇಲ್ವಿಚಾರಣೆಯೂ ಇರಬೇಕು. ಅಂದರೆ ನಿಮ್ಮ ವಿದ್ಯಾರ್ಥಿ ಪಾಸಾಗುವುದರಲ್ಲಿ ವಿಶ್ವವಿದ್ಯಾಲಯದ ಸ್ವಾರ್ಥವೂ ಇದೆ. ಟ್ಯೂಷನ್ ಕೇಳಲು ಸಂಕೋಚ ಪಡುವವರಿಗೆ ಇದನ್ನು ಹೇಳುವುದು ಒಳ್ಳೆಯದು, ಏಕೆಂದರೆ ಅವರು ಕೇಳುತ್ತಿರುವುದು ದಾನವನ್ನಲ್ಲ.

ಟ್ಯೂಷನ್ ಎಲ್ಲ ಕಡೆಯೂ ಉಚಿತವೆಂದೇ ಹೇಳುತ್ತಾರೆ. ವಾರಕ್ಕೆ ಒಂದು ವಿಷಯಕ್ಕೆ ಎಷ್ಟು ಗಂಟೆ, ಅದು ಎಷ್ಟನೆಯ ವಾರದಿಂದ ಶುರುವಾಗುತ್ತದೆ, ಆ ವಿಷಯ ಬಲ್ಲ ಟ್ಯೂಟರ್ ಸಿಗದಿದ್ದರೆ ಏನು ಎಂಬುದರಲ್ಲಿ ಅಂತರವಿರುತ್ತದೆ. ಆರನೆಯ ವಾರದಲ್ಲಿ ಟ್ಯೂಟರ್ ಸಿಕ್ಕಿದರೆ ಸೆನ್ಸಸ್ ದಿನಾಂಕ ಕಳೆದಿರುತ್ತದೆ.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಸಾವಿನ ಸಂದರ್ಭ. ಸಾರಿ ಬಿಸಿನೆಸ್ ಎಂದು ಅಲ್ಲಿನ ಮೂಲನಿವಾಸಿಗಳು ಕರೆಯುವ ಸೂತಕದ ಕರ್ತವ್ಯಗಳು ಒಂದು ಮಧ್ಯಾಹ್ನದ ಅಂತ್ಯಕ್ರಿಯೆಗೆ ಮುಗಿಯುವಂಥವಲ್ಲ. ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಊರಿನಲ್ಲಿ ಇರಬೇಕಾಗುತ್ತದೆ, ಮತ್ತು ಬಂಧುತ್ವದ ಬಳಗ ದೊಡ್ಡದಾದ್ದರಿಂದ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಹೋಗಬೇಕಾಗಬಹುದು. ಹಲವು ಸಮುದಾಯಗಳಲ್ಲಿ ತಾಯಿಯ ಅಕ್ಕತಂಗಿಯರೂ ತಾಯಂದಿರೇ. ದೊಡ್ಡಮ್ಮನೋ ಚಿಕ್ಕಮ್ಮನೋ ತೀರಿಕೊಂಡರೆ ಕೆಲಸ ಬಿಟ್ಟು ಊರಿಗೆ ಓಡುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಆದರೆ ಸಮೀಪದ ಕುಟುಂಬ ಎಂದರೆ ತಂದೆತಾಯಿ, ಒಡಹುಟ್ಟಿದವರು, ಸಂಗಾತಿ ಎಂದಷ್ಟೇ ಬರೆದಿಟ್ಟುಕೊಂಡ ಕಚೇರಿಗೆ ಹೇಳಬೇಕಾಗುತ್ತದೆ. ಸಾಂಸ್ಕೃತಿಕ ಕರ್ತವ್ಯವನ್ನು ಗಡುವು ವಿಸ್ತರಣೆಗೆ ಕಾರಣವೆಂದು ನಿಯಮದಲ್ಲೇ ಬರೆದಿರುವ ವಿಶ್ವವಿದ್ಯಾಲಯಗಳಿವೆ. ಮರಣಪತ್ರದ ಬದಲು ಮೂಲನಿವಾಸಿ ಕೇಂದ್ರದ ಅಥವಾ ಸಮುದಾಯದ ಹಿರಿಯರ ಪತ್ರವನ್ನು ಒಪ್ಪುತ್ತಾರೆಯೇ ಎಂದು ಸೇರುವ ಮೊದಲೇ ಕೇಳಬೇಕು. ಗಡುವು ಮೀರಿ ಫೇಲಾಗಿಬಿಟ್ಟಿದ್ದರೂ, ಕೈಮೀರಿದ ಸಂದರ್ಭವಿತ್ತೆಂದು ತೋರಿಸಿದರೆ ಶುಲ್ಕದ ಸಾಲವನ್ನು ಅಳಿಸಲು 12 ತಿಂಗಳೊಳಗೆ ಅರ್ಜಿ ಹಾಕಬಹುದು. ಈ ಅರ್ಜಿಯನ್ನು ತುಂಬಿಕೊಡುವವರು ಇರುವ ಕೇಂದ್ರ ಕಾಫಿ ಯಂತ್ರ ಮತ್ತು ಸೋಫಾಗಳಿರುವ ಕೇಂದ್ರಕ್ಕಿಂತ ಮೇಲು.

ಯಾರಿಗೆ ಯಾವುದು

ಇಬ್ಬರನ್ನು ಕಲ್ಪಿಸಿಕೊಳ್ಳೋಣ. ಒಬ್ಬ ನ್ಯೂ ಸೌತ್ ವೇಲ್ಸ್‌ನ ವಾಲ್ಗೆಟ್‌ನಂಥ ಒಳನಾಡಿನ ಊರಿನವನು, ಹತ್ತೊಂಬತ್ತು ವರ್ಷ, ಹನ್ನೆರಡನೆಯ ತರಗತಿ ಮುಗಿದಿದೆ, ಗಣಿತ ಚೆನ್ನಾಗಿದೆ, ಬರವಣಿಗೆ ಸಾಧಾರಣ, ಮನೆಯಿಂದ ಎಂದೂ ದೂರ ಇದ್ದವನಲ್ಲ. ಅವನಿಗೆ ನಗರದ ದೊಡ್ಡ ವಿಶ್ವವಿದ್ಯಾಲಯದ ನೇರ ಪ್ರವೇಶ ಸಿಕ್ಕಿದರೂ, ಮನೆಯ ನೆನಪು ಕಾಡುವ ಮೊದಲ ವರ್ಷವನ್ನು ಸಾಲವಿಲ್ಲದ, ದಾಖಲೆಗೆ ಅಂಟದ ಎನೇಬ್ಲಿಂಗ್ ಕೋರ್ಸಿನಲ್ಲಿ ಕಳೆಯುವುದು ಉತ್ತಮ ಎಂದು ನಾನು ಸೂಚಿಸುತ್ತೇನೆ. ಒಂದು ವರ್ಷ ಹಾಳಾಯಿತೆಂದು ಮನೆಯವರು ಗೊಣಗಬಹುದು. ಗೆಳೆಯರೆಲ್ಲ ಪದವಿಗೆ ಹೋದರೆಂಬ ಕೊರಗು ಅವನಿಗೇ ಇದ್ದು, ಕಾಯುವ ತಾಳ್ಮೆ ಇಲ್ಲವೆಂದಾದರೆ ವಿಸ್ತರಿತ ಪದವಿಯನ್ನು ನೋಡಬಹುದು. ಆದರೆ ಮೊದಲ ಸೆಮಿಸ್ಟರಿನಲ್ಲಿ ನಾಲ್ಕರ ಬದಲು ಮೂರೇ ವಿಷಯ ತೆಗೆದುಕೊಳ್ಳಲು ಬಿಡುತ್ತಾರೆಯೇ ಎಂದು ಕೇಳಿಯೇ ಸೇರಬೇಕು.

ಇನ್ನೊಬ್ಬಳು ಮೆಲ್ಬರ್ನ್‌ನಿಂದ 500 ಕಿ.ಮೀ.ಗೂ ಹೆಚ್ಚು ದೂರದ ಮಿಲ್ಡುರಾದಲ್ಲಿ ಶಾಲಾ ಸಹಾಯಕಿ, ಮೂವತ್ತೈದರ ಆಸುಪಾಸು, ಇಬ್ಬರು ಮಕ್ಕಳು, ಶಿಕ್ಷಕಿಯಾಗುವ ಆಸೆ. ಅವಳನ್ನು ನಗರಕ್ಕೆ ಕರೆತರುವ ಯಾವ ವಿದ್ಯಾರ್ಥಿವೇತನಕ್ಕಿಂತಲೂ ಊರಿನಲ್ಲೇ ಇರಲು ಬಿಡುವ ನಾಲ್ಕನೆಯ ದಾರಿ ಹೆಚ್ಚು ಹೊಂದುತ್ತದೆ. ತೀವ್ರ ತರಗತಿಯ ವಾರಗಳಲ್ಲಿ ಮಕ್ಕಳನ್ನು ನೋಡಿಕೊಳ್ಳುವವರು ಯಾರು, ಶಾಲೆ ಆ ವಾರಗಳಿಗೆ ರಜೆ ಕೊಡುತ್ತದೆಯೇ ಎಂಬುದು ಅವಳ ಮಟ್ಟಿಗೆ ಪ್ರವೇಶ ರ‍್ಯಾಂಕಿಗಿಂತ ದೊಡ್ಡ ಪ್ರಶ್ನೆ. ಮುಖ್ಯೋಪಾಧ್ಯಾಯರಿಂದ ಆ ರಜೆಯನ್ನು ಲಿಖಿತವಾಗಿ ಪಡೆಯಲು ನೆರವಾಗುವ ಸಹೋದ್ಯೋಗಿ ಕನ್ನಡಿಗರಾಗಿದ್ದರೆ, ಅವರು ಮಾಡಬಹುದಾದ ಅತ್ಯಂತ ಉಪಯುಕ್ತ ಕೆಲಸ ಅದೇ.

ಕಾಗದಪತ್ರ

ಯಾವ ದಾರಿಯನ್ನು ಆರಿಸಿದರೂ ಮೂಲನಿವಾಸಿ ಗುರುತಿನ ದೃಢೀಕರಣವನ್ನು ಕೇಳುತ್ತಾರೆ. ಅದಕ್ಕೆ ಮೂರು ಅಂಗಗಳು: ಮೂಲನಿವಾಸಿ ವಂಶದಲ್ಲಿ ಹುಟ್ಟಿರುವುದು, ತಾನು ಮೂಲನಿವಾಸಿ ಎಂದು ಗುರುತಿಸಿಕೊಳ್ಳುವುದು, ಸಮುದಾಯವೂ ಹಾಗೆಂದು ಒಪ್ಪಿರುವುದು. ಈ ಪತ್ರವನ್ನು ಕೊಡುವುದು ಸರ್ಕಾರಿ ಕಚೇರಿಯಲ್ಲ. ಸ್ಥಳೀಯ ಅಬೊರಿಜಿನಲ್ ಭೂಮಿ ಮಂಡಳಿಯೋ (ಲ್ಯಾಂಡ್ ಕೌನ್ಸಿಲ್) ನೋಂದಾಯಿತ ಅಬೊರಿಜಿನಲ್ ಸಂಸ್ಥೆಯೋ ತನ್ನ ಆಡಳಿತ ಸಮಿತಿಯ ಸಭೆಯಲ್ಲಿಟ್ಟು, ಒಪ್ಪಿಗೆಯಾದ ಮೇಲೆ ಮುದ್ರೆ ಹಾಕಿ ಕೊಡುತ್ತದೆ. ಸಭೆ ಸೇರುವುದು ತಿಂಗಳಿಗೊಮ್ಮೆಯೋ ಅದಕ್ಕೂ ಅಪರೂಪವಾಗಿಯೋ. ಅಜ್ಜಿಯ ಕಾಲದಲ್ಲಿ ಸರ್ಕಾರ ಮಕ್ಕಳನ್ನು ಮನೆಯಿಂದ ಬಲವಂತವಾಗಿ ಕೊಂಡೊಯ್ದಿದ್ದ ಕುಟುಂಬಗಳಿಗೆ ವಂಶದ ದಾಖಲೆಗಳನ್ನು ಹುಡುಕುವುದಕ್ಕೇ ತಿಂಗಳುಗಳು ಬೇಕಾಗಬಹುದು. ಪತ್ರ ಕೈಸೇರುವವರೆಗೆ ಪ್ರಮಾಣೀಕೃತ ಹೇಳಿಕೆಯನ್ನು ತಾತ್ಕಾಲಿಕವಾಗಿ ಒಪ್ಪುವ ವಿಶ್ವವಿದ್ಯಾಲಯಗಳೂ ಇವೆ, ಒಪ್ಪದವೂ ಇವೆ. ಮುಂದಿನ ವರ್ಷದ ಆರಂಭಕ್ಕೆ ಸೇರಬೇಕೆನ್ನುವವರು ಈ ವರ್ಷದ ಜೂನ್ ಹೊತ್ತಿಗೇ ಸಂಸ್ಥೆಗೆ ಅರ್ಜಿ ಕೊಟ್ಟು, ಅದೇ ವಾರದಲ್ಲಿ ತಾವು ಆರಿಸಿಕೊಂಡ ಎರಡು ವಿಶ್ವವಿದ್ಯಾಲಯಗಳ ಮೂಲನಿವಾಸಿ ಕೇಂದ್ರಗಳಿಗೂ ಫೋನ್ ಮಾಡಿ, ಮೇಲಿನ ಪ್ರಶ್ನೆಗಳನ್ನು ಕೇಳಿ, ಯಾವ ಕೇಂದ್ರದವರು ತಾವಾಗಿಯೇ ಮರಳಿ ಫೋನ್ ಮಾಡಿದರೆಂದು ಗುರುತು ಹಾಕಿಕೊಳ್ಳಲಿ.